ಮೇರಿಲ್ಯಾಂಡ್‌ನಲ್ಲಿರುವ ಅಣ್ಣ ಏಡಿ ಊಟಕ್ಕೆ ಕರೆದಿದ್ದಾನೆ, ಕರಾವಳಿಯವರಿಗೆ ಅದು ದುಡ್ಡು ದಂಡವೇ?

ದಂಡ ಅಲ್ಲ, ಹೋಗಿ. ಆದರೆ ಹಸಿದುಕೊಂಡು ಮಾತ್ರ ಹೋಗಬೇಡಿ.

ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಬಾಲ್ಟಿಮೋರ್ ಹತ್ತಿರದ ಅಣ್ಣನ ಮನೆಗೆ ಹೋಗುತ್ತಿದ್ದೀರಿ. ಅಣ್ಣ ಏಡಿ ಊಟಕ್ಕೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದಾನೆ. ಅತ್ತಿಗೆ ಮೀನು ಮುಟ್ಟುವುದಿಲ್ಲ. ಕುಂದಾಪುರದಲ್ಲಿ ಏಡಿ ತಿಂದು ಬೆಳೆದವರಿಗೆ ಅಲ್ಲಿ ಹೊಸದೇನಿದೆ, ಅಷ್ಟು ಡಾಲರ್ ಕೊಡಬೇಕಾ ಎನ್ನುವುದು ನಿಮ್ಮ ಪ್ರಶ್ನೆ. ನಮ್ಮದು ಮಲ್ಪೆ ಕಡೆ. ಅಕ್ಕ, ಭಾವ ಇಬ್ಬರೂ ಅದೇ ಮೇರಿಲ್ಯಾಂಡ್‌ನಲ್ಲಿದ್ದಾರೆ. ಅಲ್ಲಿಗೆ ಹೋದಾಗಲೆಲ್ಲ ಈ ಏಡಿ ಊಟ ಇದ್ದೇ ಇರುತ್ತದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಏಡಿಯ ವಿಷಯ. ಅಲ್ಲಿ ಚೆಸಪೀಕ್ ಎಂಬ ದೊಡ್ಡ ಕೊಲ್ಲಿ ಇದೆ. ಹೊಳೆಯ ಸಿಹಿನೀರೂ ಸಮುದ್ರದ ಉಪ್ಪುನೀರೂ ಬೆರೆಯುವ ಜಾಗ. ನಮ್ಮ ಅಳಿವೆಯ ನೀರು ಹೇಗೋ ಹಾಗೆ, ಅಳತೆ ಮಾತ್ರ ಬಹಳ ದೊಡ್ಡದು. ಅಲ್ಲಿ ಸಿಗುವುದು ಬ್ಲೂ ಕ್ರ್ಯಾಬ್, ಅಂದರೆ ನೀಲಿ ಕಾಲಿನ ಏಡಿ. ನಮ್ಮ ಸಮುದ್ರದ ಈಜುವ ಏಡಿಯ ನೆಂಟನೇ ಅದು. ಹಿಂದಿನ ಎರಡು ಕಾಲು ದೋಣಿಯ ಹುಟ್ಟಿನ ಹಾಗೆ ಚಪ್ಪಟೆ ಇರುವುದನ್ನು ನೋಡಿದರೆ ಅಪ್ಪನಿಗೆ ತಕ್ಷಣ ಗೊತ್ತಾಗುತ್ತದೆ. ನಮ್ಮ ಹೊಳೆಯ ದೊಡ್ಡ ಕೆಸರು ಏಡಿಯಷ್ಟು ದೊಡ್ಡದಲ್ಲ. ರುಚಿ ಮಾತ್ರ ಸಿಹಿ.

ನೀವು ಹೋಗುವ ಕಾಲ ಒಳ್ಳೆಯದು. ಅಲ್ಲಿ ಏಪ್ರಿಲ್‌ನಿಂದ ಸುಮಾರು ನವೆಂಬರ್‌ವರೆಗೆ ಏಡಿ ಹಿಡಿಯುತ್ತಾರೆ. ಚಳಿಗಾಲದಲ್ಲಿ ಅವು ಕೆಸರಿನೊಳಗೆ ಹೂತು ಮಲಗುತ್ತವೆ. ಅದಕ್ಕೆ ಮುಂಚೆ ಚೆನ್ನಾಗಿ ತಿಂದು ಮೈತುಂಬಿಕೊಳ್ಳುತ್ತವಲ್ಲ, ಅದೇ ಸೆಪ್ಟೆಂಬರ್, ಅಕ್ಟೋಬರ್. ಜೂನ್‌ನಲ್ಲಿ ಹೋದವರು 'ಚಿಪ್ಪು ದೊಡ್ಡದು, ಒಳಗೆ ನೀರು' ಎಂದು ಬೈದುಕೊಂಡು ಬರುವುದುಂಟು. ಪೊರೆ ಕಳಚಿ ಹೊಸ ಚಿಪ್ಪು ಬಂದಾಗ ಅದರೊಳಗೆ ಮಾಂಸ ತುಂಬುವುದಕ್ಕೆ ಸಮಯ ಬೇಕು. ಅಮಾವಾಸ್ಯೆ ಏಡಿ ತುಂಬಿರುತ್ತದೆ, ಹುಣ್ಣಿಮೆ ಏಡಿ ಬಡಕಲು ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಅಲ್ಲಿನವರು ಹೊಟ್ಟೆಯ ಬಣ್ಣ ನೋಡುತ್ತಾರೆ. ಬೆಳ್ಳಗೆ ಹೊಳೆಯುತ್ತಿದ್ದರೆ ಹೊಸ ಚಿಪ್ಪು, ಬೇಡ. ತುಕ್ಕು ಹಿಡಿದ ಹಾಗೆ ಮಾಸಿದ್ದರೆ ಹಳೇ ಚಿಪ್ಪು, ಒಳಗೆ ಮಾಲು ಇದೆ.

ಇನ್ನು ಹೋಟೆಲ್. ಅಪ್ಪ ಅಮ್ಮನಿಗೆ ಮೊದಲೇ ಒಂದು ಮಾತು ಹೇಳಿಡಿ, ತಟ್ಟೆ ಬರುವುದಿಲ್ಲ. ಮೇಜಿನ ಮೇಲೆ ಕಂದು ಬಣ್ಣದ ದಪ್ಪ ಕಾಗದ ಹಾಸುತ್ತಾರೆ. ಟ್ರೇಯಲ್ಲಿ ಹಬೆ ಏಳುವ ಕೆಂಪು ಏಡಿಗಳನ್ನು ತಂದು ಅದರ ಮೇಲೆ ಸುರಿದು ಹೋಗುತ್ತಾರೆ. ಪ್ರತಿಯೊಬ್ಬರಿಗೂ ಒಂದು ಮರದ ಸುತ್ತಿಗೆ, ಒಂದು ಚಿಕ್ಕ ಚಾಕು. ನನ್ನ ಅಮ್ಮ ಸುತ್ತಮುತ್ತ ನೋಡಿ, 'ಇದೆಂಥದು, ಬಡಗಿ ಕೆಲಸವಾ?' ಎಂದಿದ್ದರು.

ಏಡಿಯನ್ನು ನೀರಲ್ಲಿ ಮುಳುಗಿಸಿ ಬೇಯಿಸುವುದಿಲ್ಲ. ಕೆಳಗೆ ನೀರು, ವಿನೆಗರ್, ಕೆಲವು ಕಡೆ ಬಿಯರ್ ಕೂಡ. ಮೇಲೆ ಜಾಲರಿಯಲ್ಲಿ ಏಡಿ. ಒಂದೊಂದು ಪದರಕ್ಕೂ ಮಸಾಲೆಪುಡಿ ಉದುರಿಸಿ ಅರ್ಧ ಗಂಟೆ ಹಬೆಯಲ್ಲಿ ಬೇಯಿಸುತ್ತಾರೆ. ಪುಡಿಯಲ್ಲಿ ಉಪ್ಪು, ಸೆಲರಿ ಬೀಜ, ಕಾಳುಮೆಣಸು, ಮೆಣಸಿನಪುಡಿ ಇರುತ್ತವೆ. ಅದರಲ್ಲಿ ಎಲ್ಲರಿಗೂ ಗೊತ್ತಿರುವುದು ಓಲ್ಡ್ ಬೇ. ಗುಸ್ತಾವ್ ಬ್ರುನ್ ಎಂಬ ಯಹೂದಿ ಮಸಾಲೆ ವ್ಯಾಪಾರಿ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಾಲ್ಟಿಮೋರ್‌ಗೆ ಬಂದು 1939ರ ಹೊತ್ತಿಗೆ ಶುರುಮಾಡಿದ ಪುಡಿ ಅದು. ಈಗ ಅಲ್ಲಿ ಚಿಪ್ಸ್‌ಗೂ ಅದೇ, ಜೋಳಕ್ಕೂ ಅದೇ. ನಮಗೆ ಖಾರ ಏನೂ ಅನಿಸುವುದಿಲ್ಲ, ಉಪ್ಪು ಮಾತ್ರ ಜಾಸ್ತಿ. ಬಿಪಿ ಇರುವವರು ಚಿಪ್ಪಿನ ಮೇಲಿನ ಪುಡಿ ಒರೆಸಿಕೊಂಡು ತಿನ್ನಲಿ. ಬೆರಳಿಗೆ ಚಿಕ್ಕ ಗಾಯವಿದ್ದರೂ ಚುರುಚುರು ಎನ್ನುತ್ತದೆ, ಬ್ಯಾಂಡೇಜ್ ಹಾಕಿಕೊಂಡೇ ಹೋಗಿ.

ಬಿಡಿಸುವ ರೀತಿ ಹೇಳಿಬಿಡುತ್ತೇನೆ, ಏಕೆಂದರೆ ನಾವು ಹಸಿ ಏಡಿಯನ್ನು ಶುಚಿಮಾಡಿ, ಮುರಿದು ಸಾರಿಗೆ ಹಾಕುವವರು. ಇಡೀ ಬೆಂದ ಏಡಿ ಎದುರಿಗೆ ಬಂದರೆ ಎಲ್ಲಿಂದ ಹಿಡಿಯುವುದು ಅನಿಸುತ್ತದೆ. ಏಡಿಯನ್ನು ಅಂಗಾತ ಮಾಡಿ. ಹೊಟ್ಟೆ ಮೇಲೆ ಒಂದು ಮುಚ್ಚಳ ಇರುತ್ತದೆ. ಗಂಡಿಗೆ ಉದ್ದಕ್ಕೆ ಕಂಬದ ಹಾಗೆ, ಬೆಳೆದ ಹೆಣ್ಣಿಗೆ ಗುಮ್ಮಟದ ಹಾಗೆ ಅಗಲಕ್ಕೆ. ಚಾಕುವಿನ ತುದಿಯಿಂದ ಅದನ್ನು ಎಬ್ಬಿಸಿ, ಅಲ್ಲಿಂದಲೇ ಮೇಲಿನ ಚಿಪ್ಪನ್ನು ಎಳೆದು ತೆಗೆಯಿರಿ. ಎರಡೂ ಬದಿಯಲ್ಲಿ ಬೂದುಬಣ್ಣದ ಕಿವಿರು ಇರುತ್ತದೆ, ಅದನ್ನು ಬಿಸಾಡಿ. ಮಧ್ಯದ ಹಳದಿ ಲೋಳೆಯನ್ನು ಅಲ್ಲಿನವರು ಸಾಸಿವೆ ಎಂದು ಕರೆದು ಚಪ್ಪರಿಸುತ್ತಾರೆ. ರುಚಿ ಇದೆ ನಿಜ. ಆದರೆ ನೀರಿನ ಕೆಟ್ಟ ರಾಸಾಯನಿಕಗಳೆಲ್ಲ ಬಂದು ಸೇರುವುದೂ ಅಲ್ಲೇ, ಅದಕ್ಕೇ ಅಲ್ಲಿನ ಪರಿಸರ ಇಲಾಖೆಯೇ ಅದನ್ನು ಜಾಸ್ತಿ ತಿನ್ನಬೇಡಿ ಎನ್ನುತ್ತದೆ. ನಾನು ಬಿಡುತ್ತೇನೆ.

ಆಮೇಲೆ ಎರಡು ತುಂಡು ಮಾಡಿ. ಹಿಂದಿನ ಚಪ್ಪಟೆ ಕಾಲನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ತಿರುಚಿದರೆ, ಅದಕ್ಕೆ ಅಂಟಿಕೊಂಡೇ ಒಂದು ದೊಡ್ಡ ಮಾಂಸದ ಉಂಡೆ ಬರುತ್ತದೆ. ಇಡೀ ಏಡಿಯಲ್ಲಿ ಅದೇ ಅತಿ ಒಳ್ಳೆಯ ಭಾಗ. ಮುಂದಿನ ದೊಡ್ಡ ಕಾಲಿಗೆ ಸುತ್ತಿಗೆಯಿಂದ ನೇರ ಬಡಿಯಬೇಡಿ, ಚಿಪ್ಪು ಪುಡಿಯಾಗಿ ಮಾಂಸಕ್ಕೆ ಸೇರುತ್ತದೆ. ಚಾಕುವನ್ನು ಅಡ್ಡ ಇಟ್ಟು, ಚಾಕುವಿನ ಬೆನ್ನಿಗೆ ಒಂದೇ ಏಟು. ಆಮೇಲೆ ಲಟಕ್ಕೆಂದು ಮುರಿದು ಎಳೆದರೆ ಮಾಂಸ ಹಾಗೆಯೇ ಈಚೆ ಬರುತ್ತದೆ. ನಿಮ್ಮಪ್ಪ ಹಲ್ಲಿನಲ್ಲೇ ಕಡಿದರೆ ಕಡಿಯಲಿ ಬಿಡಿ, ಯಾರೂ ನೋಡುವುದಿಲ್ಲ. ಆ ಊಟದಲ್ಲಿ ಎಲ್ಲರ ಕೈ ಬಾಯಿ ಒಂದೇ ತರ.

ಒಂದು ಏಡಿಯಲ್ಲಿ ಸಿಗುವುದು ಎಷ್ಟು ಮಾಂಸ ಎಂದು ನಿಮಗೆ ಗೊತ್ತೇ ಇದೆ. ಆದ್ದರಿಂದಲೇ ಹಸಿದು ಹೋಗಬೇಡಿ ಎಂದಿದ್ದು. ಹೊಟ್ಟೆ ತುಂಬಿಸುವ ಲೆಕ್ಕ ಹಾಕಿದರೆ ಖಂಡಿತ ದಂಡ. ಅಲ್ಲಿನವರು ಅದಕ್ಕೆ ಹೋಗುವುದೂ ಇಲ್ಲ. ಎರಡು ಮೂರು ಗಂಟೆ ಕೂರುತ್ತಾರೆ. ಅಣ್ಣನ ಮನೆಯಲ್ಲಿ ನಿಮಗೆ ಕಾಣಿಸುವುದು ಏನು ಹೇಳಿ? ಬೆಳಿಗ್ಗೆ ಎದ್ದರೆ ಅವರಿಗೆ ಆಫೀಸು, ಮಕ್ಕಳಿಗೆ ಶಾಲೆ, ಸಂಜೆ ಈಜು ಕ್ಲಾಸು, ರಾತ್ರಿ ಭಾರತದ ಜೊತೆ ಮೀಟಿಂಗು. ಅಪ್ಪ ಅಮ್ಮ ದಿನವಿಡೀ ಸುಮ್ನೆ ಕಿಟಕಿ ನೋಡುತ್ತಾ ಕೂತಿರುತ್ತಾರೆ. ಈ ಏಡಿ ಮೇಜಿನಲ್ಲಿ ಎಲ್ಲರ ಕೈಯೂ ಮೊಣಕೈವರೆಗೆ ಮಸಾಲೆ. ಫೋನ್ ಮುಟ್ಟುವ ಹಾಗೇ ಇಲ್ಲ. ನನ್ನ ಭಾವ ಕಮ್ಮಿ ಮಾತಿನ ಆಸಾಮಿ. ಮನೆ ಸಾಲ, ಕೆಲಸದ ಒತ್ತಡ, ಊರಿಗೆ ವಾಪಸು ಬರುವ ಯೋಚನೆ ಎಲ್ಲ ಅವರ ಬಾಯಿಂದ ಬಂದದ್ದು ಅಂಥ ಒಂದು ಮೇಜಿನಲ್ಲೇ, ಕಾಲು ಮುರಿಯುತ್ತಾ ಮುರಿಯುತ್ತಾ. ಫ್ಯಾನ್ಸಿ ರೆಸ್ಟೋರೆಂಟ್‌ನಲ್ಲಿ ಲಾಬ್ಸ್ಟರ್ ತಿನ್ನಿಸುತ್ತೇನೆ ಎಂದು ಅಣ್ಣ ಹೊರಟರೆ ಬೇಡ ಎನ್ನಿ. ಅಲ್ಲಿ ಮುಕ್ಕಾಲು ಗಂಟೆಯಲ್ಲಿ ಬಿಲ್ ಬರುತ್ತದೆ.

ಬಿಲ್ ಎಂದರೆ ನೆನಪಾಯಿತು. ಏಡಿಯನ್ನು ಡಜನ್ ಲೆಕ್ಕದಲ್ಲಿ ಮಾರುತ್ತಾರೆ. ಗಾತ್ರ ಹೆಚ್ಚಿದಂತೆ ಬೆಲೆಯೂ ಏರುತ್ತದೆ, ದಿನಕ್ಕೊಂದು ರೇಟು. ಮೆನುವಿನಲ್ಲಿ ಮಾರ್ಕೆಟ್ ಪ್ರೈಸ್ ಎಂದಷ್ಟೇ ಇರುತ್ತದೆ. ಹೋಗುವ ಮುಂಚೆ ಫೋನ್ ಮಾಡಿ ಬೆಲೆ ಕೇಳಿ, ಬೇಕಾದ ಗಾತ್ರ ತೆಗೆದಿಡಲು ಹೇಳಿ, ಶನಿವಾರ ಸಂಜೆ ಹೊತ್ತಿಗೆ ದೊಡ್ಡದು ಖಾಲಿಯಾಗಿರುತ್ತದೆ. ಎಷ್ಟು ಬೇಕಾದರೂ ತಿನ್ನಿ ಎನ್ನುವ ಪ್ಯಾಕೇಜ್‌ಗೆ ಸಾಮಾನ್ಯವಾಗಿ ಎರಡು ಗಂಟೆ ಗಡುವು ಇರುತ್ತದೆ, ಏಡಿಯೂ ಚಿಕ್ಕದು. ನಿಮಗೆ ಅದು ಬೇಡ. ಟಿಪ್ಸ್ ಶೇ. 18ರಿಂದ 20. ಗುಂಪು ದೊಡ್ಡದಿದ್ದರೆ ಕೆಲವು ಕಡೆ ಬಿಲ್‌ಗೇ ಸೇರಿಸಿರುತ್ತಾರೆ, ನೋಡಿಕೊಂಡು ಕೊಡಿ. ಬಿಲ್ ಯಾರು ಕೊಡಬೇಕು ಎಂದು ಅಪ್ಪನೂ ಅಣ್ಣನೂ ಕಿತ್ತಾಡುವುದು ಗ್ಯಾರಂಟಿ. ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.

ಕ್ರ್ಯಾಬ್ ಕೇಕ್ ಎಂಬುದೂ ಅಲ್ಲಿ ಬಹಳ ಹೆಸರುವಾಸಿ. ಚೆನ್ನಾಗಿರುತ್ತದೆ. ಆದರೆ ಅದರ ಮಾಂಸ ಆ ಕೊಲ್ಲಿಯದ್ದೇ ಆಗಿರಬೇಕೆಂದಿಲ್ಲ. ಬೇರೆ ದೇಶಗಳಿಂದಲೂ ಬರುತ್ತದೆ, ಭಾರತದಿಂದಲೂ ಡಬ್ಬಿಯಲ್ಲಿ ಹೋಗುತ್ತದೆ. ನಮ್ಮ ಸಮುದ್ರದ ಏಡಿಯನ್ನೇ ಡಾಲರ್ ಕೊಟ್ಟು ತಿಂದು ಬರಬೇಡಿ, ಸ್ಥಳೀಯದ್ದೇ ಎಂದು ಕೇಳಿ ತೆಗೆದುಕೊಳ್ಳಿ.

ಈಗ ನನಗೆ ನಿಜವಾಗಿ ಇಷ್ಟವಾಗುವ ಊಟ. ಒಂದು ದಿನ ಹೋಟೆಲ್ ಆಯಿತಾ, ಇನ್ನೊಂದು ದಿನ ಜೀವಂತ ಏಡಿ ತಂದು ಅಣ್ಣನ ಮನೆಯಲ್ಲೇ ಸುಕ್ಕ ಮಾಡಿ. ಎಚ್ ಮಾರ್ಟ್‌ನಂಥ ಕೊರಿಯನ್ ಅಂಗಡಿಗಳಲ್ಲಿ ಸೀಸನ್‌ನಲ್ಲಿ ಜೀವಂತ ಏಡಿ ಇಟ್ಟಿರುತ್ತಾರೆ. ಉದ್ದ ಇಕ್ಕಳ ಕೊಡುತ್ತಾರೆ, ನೀವೇ ಆರಿಸಿಕೊಳ್ಳಬೇಕು. ಒಂದನ್ನು ಎತ್ತಿದರೆ ಅದರ ಕಾಲು ಹಿಡಿದು ಇನ್ನೊಂದು, ಅದನ್ನು ಹಿಡಿದು ಮತ್ತೊಂದು ಮೇಲೆ ಬರುತ್ತದೆ. ನನ್ನ ಅಪ್ಪನಿಗೆ ಇಡೀ ಅಮೆರಿಕದಲ್ಲಿ ಅತಿ ಖುಷಿ ಕೊಟ್ಟ ಜಾಗ ಅದೇ. ವಾಷಿಂಗ್ಟನ್ ಹತ್ತಿರವೇ ಇದೆ, ಅಲ್ಲಿ ಮೇನ್ ಅವೆನ್ಯೂ ಮೀನು ಮಾರ್ಕೆಟ್ ಇದೆ. 1805ರಿಂದ ನಡೆಯುತ್ತಿರುವ ಮಾರ್ಕೆಟ್. ನೀರಿನ ಮೇಲೆ ತೇಲುವ ದೋಣಿಯಂಥ ಅಂಗಡಿಗಳಲ್ಲಿ ಮಾರುತ್ತಾರೆ. ಶ್ವೇತಭವನ ತೋರಿಸಿದ ದಿನವೇ ಅಲ್ಲಿಗೂ ಕರೆದುಕೊಂಡು ಹೋಗಿ.

ಅಲುಗಾಡದ ಏಡಿ ತರಬೇಡಿ. ಮನೆಗೆ ತಂದ ಮೇಲೆ ಸ್ವಲ್ಪ ಹೊತ್ತು ಐಸ್‌ನಲ್ಲಿಟ್ಟರೆ ಜಡವಾಗುತ್ತವೆ, ಆಗ ಶುಚಿ ಮಾಡುವುದು ಸುಲಭ. ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತ್ಯ ಹುರಿದ ಪುಡಿಯನ್ನು ಅಮ್ಮನೇ ಊರಿಂದ ತರಲಿ. ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ತುರಿದ ತೆಂಗಿನಕಾಯಿ ಫ್ರೀಜ್ ಮಾಡಿದ್ದು ಸಿಗುತ್ತದೆ, ಅದು ಸಾಕು. ಪುಡಿ ತಂದಿದ್ದರೆ ವಿಮಾನ ನಿಲ್ದಾಣದಲ್ಲಿ ಕೇಳಿದಾಗ ತಿನ್ನುವ ಪದಾರ್ಥ ಇದೆ ಎಂದು ಹೇಳಿಬಿಡಿ, ಮುಚ್ಚಿಟ್ಟರೆ ದಂಡ ಹಾಕುತ್ತಾರೆ. ಮಸಾಲೆ ಹುರಿಯುವಾಗ ಕಿಟಕಿ ತೆಗೆದು ಫ್ಯಾನ್ ಹಾಕಿ. ಅಲ್ಲಿ ಮನೆಯೊಳಗೆ ಹೊಗೆ ಅಲಾರಂ ಇರುತ್ತದೆ, ನಮ್ಮ ಒಗ್ಗರಣೆ ಅದಕ್ಕೆ ಆಗಿಬರುವುದಿಲ್ಲ. ಅಮ್ಮನಿಗೂ ಕೈಗೆ ಒಂದು ಕೆಲಸ ಸಿಕ್ಕಿದ ಹಾಗಾಗುತ್ತದೆ. ಮೊಮ್ಮಕ್ಕಳು ನೀರ್ ದೋಸೆ ಹರಿದು ಸುಕ್ಕದಲ್ಲಿ ಅದ್ದುವುದನ್ನು ನೋಡಿದರೆ ಅವರ ವೀಸಾ ಇಂಟರ್‌ವ್ಯೂ ಸಂಕಟವೆಲ್ಲ ಮರೆತುಹೋಗುತ್ತದೆ.

ಅತ್ತಿಗೆಯ ವಿಷಯ ಮರೆತಿಲ್ಲ. ಏಡಿ ಹೋಟೆಲ್‌ಗಳಲ್ಲಿ ಬೇಯಿಸಿದ ಜೋಳ, ಫ್ರೆಂಚ್ ಫ್ರೈಸ್, ಕೋಲ್‌ಸ್ಲಾ, ಜೋಳದ ಹಿಟ್ಟಿನ ಬೋಂಡ ತರಹದ ಹಶ್‌ಪಪ್ಪಿ ಸಿಗುತ್ತವೆ. ಆದರೆ ಫ್ರೈಸ್ ಮತ್ತು ಸೀಗಡಿಯನ್ನು ಒಂದೇ ಎಣ್ಣೆಯಲ್ಲಿ ಕರಿಯುವುದುಂಟು. ಅವರು ಅದನ್ನೆಲ್ಲ ನೋಡುವವರಾದರೆ ಮೊದಲೇ ಕೇಳಿ. ನನ್ನ ಪ್ರಕಾರ, ಆ ವಾಸನೆಯಲ್ಲಿ ಮೂರು ಗಂಟೆ ಕೂರು ಎಂದು ಅವರನ್ನು ಒತ್ತಾಯಿಸುವುದೇ ತಪ್ಪು. ಬರುವುದಾದರೆ ಹೊರಗೆ ಗಾಳಿಯಾಡುವ ಕಡೆ ಮೇಜು ಹಿಡಿಯಿರಿ, ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಮನೆಯಲ್ಲಿ ಸುಕ್ಕ ಮಾಡುವುದಕ್ಕೂ ಅವರ ಒಪ್ಪಿಗೆ ಮೊದಲು ಕೇಳಿ, ಅಡಿಗೆಮನೆ ಅವರದ್ದು. ಪಾತ್ರೆ ಬೇರೆ ಇಡಬೇಕೆಂದರೆ ಅಂಗಡಿಗಳಲ್ಲಿ ಅಗ್ಗದ ಅಲ್ಯೂಮಿನಿಯಂ ಟ್ರೇ ಸಿಗುತ್ತದೆ, ಹಿತ್ತಲಲ್ಲಿ ಗ್ರಿಲ್ ಇದ್ದರೆ ಅದರ ಮೇಲೇ ಮಾಡಿಬಿಡಬಹುದು.