ಹಾರ್ಸ್‌ಪವರ್ ಆಮೇಲೆ, ಮೊದಲು ತಕ್ಕಡಿ ತನ್ನಿ

ವಿಸ್ಕಾನ್ಸಿನ್‌ನಲ್ಲಿ ಎರಡು ಸೀಟಿನ ಕಿಟ್ ವಿಮಾನ, ಅಂದರೆ ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸುವ ವಿಮಾನ, ಕಟ್ಟುತ್ತಿದ್ದೀರಿ. ಚಕ್ರದ ಬದಲು ಫ್ಲೋಟ್, ಅಂದರೆ ನೀರಿನ ಮೇಲೆ ತೇಲುವ ದೋಣಿಯಂಥ ಎರಡು ಕಾಲು, ಹಾಕಿ ಕೆರೆಯಿಂದ ಹಾರಿಸಬೇಕು. ಕಡಿಮೆ ದುಡ್ಡಿಗೆ ಜಾಸ್ತಿ ಹಾರ್ಸ್‌ಪವರ್ ಕೊಡುವ ಎಂಜಿನ್ ಯಾವುದು, ಕಾರಿನ ಎಂಜಿನ್ ಹಾಕಬಹುದಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನು ಎರಡು ಬೇಸಿಗೆ ಕಳೆದುಕೊಂಡಿದ್ದೇನೆ. ಹಾಗಾಗಿ ಉತ್ತರ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ನಾನಿರುವುದು ಮಿನೆಸೋಟಾದಲ್ಲಿ. ಹುಟ್ಟಿ ಬೆಳೆದಿದ್ದು ಸಾಗರದ ಕಡೆ, ಶರಾವತಿ ಹಿನ್ನೀರಿನ ದಡದಲ್ಲಿ. ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ ಒಂದು ಹಳದಿ ಪೈಪರ್ ಕಬ್ ವಿಮಾನ ಕೆರೆಯ ಮೇಲೆ ಇಳಿದು, ದೋಣಿಯ ಹಾಗೆ ದಡಕ್ಕೆ ಬಂದು ನಿಂತಿತು. ಅವತ್ತೇ ತೀರ್ಮಾನ ಮಾಡಿದೆ. ಲೈಸೆನ್ಸ್ ತೆಗೆದುಕೊಂಡೆ, ನೀರಿನ ಮೇಲೆ ಹಾರಿಸುವ ರೇಟಿಂಗ್ ತೆಗೆದುಕೊಂಡೆ, ಅಲ್ಯೂಮಿನಿಯಂ ಕಿಟ್ ಒಂದನ್ನು ತರಿಸಿದೆ. ನಾಲ್ಕು ವರ್ಷ ಗ್ಯಾರೇಜಿನಲ್ಲಿ ರಿವೆಟ್ ಹೊಡೆದೆ.

ಕಿಟ್‌ನವರ ಕೈಪಿಡಿಯಲ್ಲಿ ಲೈಕಮಿಂಗ್ ಓ-320 ಅನ್ನುವ ವಿಮಾನದ ಎಂಜಿನ್ ಹಾಕಿ ಅಂತ ಬರೆದಿತ್ತು. 150 ಹಾರ್ಸ್‌ಪವರ್. ಅದು ನನಗೆ ಅಜ್ಜನ ಕಾಲದ ಎಂಜಿನ್ ಅನ್ನಿಸಿತು, ಬೆಲೆಯೂ ಜಾಸ್ತಿ. ಅಷ್ಟರಲ್ಲಿ ಒಬ್ಬರು ಕಾರಿನ ನಾಲ್ಕು ಸಿಲಿಂಡರ್ ಎಂಜಿನ್ನನ್ನು ವಿಮಾನಕ್ಕೆ ಒಗ್ಗಿಸಿ ಮಾರುತ್ತಿದ್ದರು. 165 ಹಾರ್ಸ್‌ಪವರ್, ತೂಕ 230 ಪೌಂಡ್ ಅಂದರು. ಹದಿನೈದು ಕುದುರೆ ಜಾಸ್ತಿ, ದುಡ್ಡು ಕಡಿಮೆ. ಯಾರು ಬಿಡುತ್ತಾರೆ ಹೇಳಿ.

ಈಗ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳುತ್ತೇನೆ. ನೀವು ಬೇರೇನನ್ನು ಮರೆತರೂ ಪರವಾಗಿಲ್ಲ, ಇದನ್ನು ಮರೆಯಬೇಡಿ.

ಫ್ಲೋಟ್ ಸಮೇತ ವಿಮಾನದ ಖಾಲಿ ತೂಕ 1120 ಪೌಂಡ್ ಅಂತ ಕೈಪಿಡಿ ಹೇಳುತ್ತಿತ್ತು. ಅದರಲ್ಲಿ ಎಂಜಿನ್ ಭಾಗ 320 ಪೌಂಡ್. ನಾನು ಏನು ಮಾಡಿದೆ? 1120ರಲ್ಲಿ 320 ಕಳೆದೆ, ನನ್ನ 230 ಕೂಡಿದೆ. 1030 ಬಂತು. ತೊಂಬತ್ತು ಪೌಂಡ್ ಉಳಿಸಿದೆ ಅಂತ ಹೆಂಡತಿಗೆ ಫೋನ್ ಮಾಡಿ ಹೇಳಿದೆ.

ಕೈಪಿಡಿಯ 320 ಅಂದರೆ ಎಂಜಿನ್ ಒಂದರ ತೂಕ ಅಲ್ಲ. ಅದರ ಜೊತೆ ಸ್ಟಾರ್ಟರ್, ಆಲ್ಟರ್ನೇಟರ್, ಎಕ್ಸಾಸ್ಟ್, ಎಂಜಿನ್ ಹಿಡಿದುಕೊಳ್ಳುವ ಚೌಕಟ್ಟು ಅಂದರೆ ಮೌಂಟ್, ಎಲ್ಲ ಸೇರಿ ವಿಮಾನದ ಮೂತಿಗೆ ಕೂತ ಮೇಲಿನ ತೂಕ. ಮಾರಿದವರ 230 ಅಂದರೆ ಬೋಳು ಎಂಜಿನ್. ಬ್ಲಾಕು, ಹೆಡ್ಡು, ಅಷ್ಟೇ. ಒಂದು ಕಡೆ ಅಡುಗೆ ಮಾಡಿ ಬಡಿಸಿದ ಊಟದ ತೂಕ, ಇನ್ನೊಂದು ಕಡೆ ಬರೀ ಅಕ್ಕಿಯ ತೂಕ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ಕೂಡಿ ಕಳೆದೆ. ಮಾರಿದವರು ಸುಳ್ಳು ಹೇಳಲಿಲ್ಲ. ಏನೇನು ಸೇರಿ 230 ಅಂತ ನಾನು ಕೇಳಲಿಲ್ಲ.

ಕಾರಿನ ಎಂಜಿನ್ ನಿಮಿಷಕ್ಕೆ 5400 ಸುತ್ತು ತಿರುಗಿದರೆ ಮಾತ್ರ ಆ ಶಕ್ತಿ ಕೊಡುತ್ತದೆ. ಪ್ರೊಪೆಲ್ಲರ್ ಅಷ್ಟು ಜೋರಾಗಿ ತಿರುಗಬಾರದು. ತುದಿಯ ವೇಗ ಶಬ್ದದ ವೇಗಕ್ಕೆ ಹತ್ತಿರ ಬಂದರೆ ಬರೀ ಗದ್ದಲ, ಎಳೆತ ಇಲ್ಲ. ಹಾಗಾಗಿ ನಡುವೆ ಗೇರ್‌ಬಾಕ್ಸ್ ಬೇಕು: 42 ಪೌಂಡ್. ರೇಡಿಯೇಟರ್, ಪೈಪು, ಕೂಲೆಂಟ್: 38. ಎಕ್ಸಾಸ್ಟ್ 17. ಸ್ಟಾರ್ಟರ್ ಮತ್ತು ಆಲ್ಟರ್ನೇಟರ್ 21. ಈ ಭಾರ ಹೊರುವ ಗಟ್ಟಿ ಮೌಂಟಿಗೆ 11. ಬ್ಯಾಟರಿ ಇಲ್ಲದೆ ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಇದರಲ್ಲಿ ಇಲ್ಲ, ಕರೆಂಟ್ ಹೋದರೆ ಎಂಜಿನ್ನೇ ನಿಲ್ಲುತ್ತದೆ. ಅದಕ್ಕೆ ಎರಡನೇ ಬ್ಯಾಟರಿ, ಎರಡು ಪೆಟ್ರೋಲ್ ಪಂಪು: 22. ಕೂಡಿ ನೋಡಿ, 151. ಮೂತಿ ಭಾರವಾಗಿ ತೂಕದ ಕೇಂದ್ರ ಮುಂದೆ ಸರಿಯಿತು. ಸರಿಮಾಡಲು ಬಾಲಕ್ಕೆ 13 ಪೌಂಡ್ ಸೀಸ ಕಟ್ಟಿದೆ. ಹಾರಬೇಕಾದ ವಸ್ತುವಿಗೆ ಸುಮ್ನೆ ಸೀಸ! ಆವತ್ತೇ ನಿಲ್ಲಿಸಬೇಕಿತ್ತು.

ಕೊನೆಗೆ ವಿಮಾನ ತೂಗಿದಾಗ 1194 ಬಂತು. ತಕ್ಕಡಿ ಕೆಟ್ಟಿರಬೇಕು ಅಂತ ಇನ್ನೊಂದು ತಂದು ತೂಗಿದೆ. ಮತ್ತೆ 1194.

ನನ್ನ ವಿಮಾನಕ್ಕೆ 1500 ನಂಬರಿನ ಫ್ಲೋಟ್. ಅಂದರೆ ಒಂದು ಫ್ಲೋಟ್ ಪೂರ್ತಿ ಮುಳುಗಿದರೆ 1500 ಪೌಂಡ್ ಸಿಹಿನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಎರಡೂ ಸೇರಿ ವಿಮಾನದ ಪೂರ್ಣ ತೂಕದ 1.8 ಪಟ್ಟು ಹೊರುವಂತಿರಬೇಕು ಅನ್ನುವುದು ಕಂಪನಿಯಲ್ಲಿ ತಯಾರಾಗುವ ವಿಮಾನಗಳ ನಿಯಮ, ಮನೆಯಲ್ಲಿ ಕಟ್ಟುವವರೂ ಅದನ್ನೇ ಪಾಲಿಸುವುದು ಒಳ್ಳೆಯದು. 3000ವನ್ನು 1.8ರಿಂದ ಭಾಗಿಸಿದರೆ 1666. ಕಿಟ್‌ನ ಮಿತಿ 1650. ಅಂದರೆ ನನಗೆ ಉಳಿದಿದ್ದು 456 ಪೌಂಡ್. ನಾನು, ಹೆಂಡತಿ ಸೇರಿ 335. ಇಪ್ಪತ್ತು ಗ್ಯಾಲನ್ ಪೆಟ್ರೋಲ್ 120. ಮುಗಿಯಿತು. ಲಂಗರು, ಹಗ್ಗ, ಹುಟ್ಟು, ಲೈಫ್ ಜಾಕೆಟ್ ಇಡಲು ಜಾಗ ಇಲ್ಲ. ಹಾಗಾಗಿ ಪೆಟ್ರೋಲ್ ಕಡಿಮೆ ಮಾಡಿದೆ. ಮಿತಿಯೊಳಗೆ ಇದ್ದೇನಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಊರಿನಲ್ಲಿ ಜನರನ್ನು, ಗಾಡಿಗಳನ್ನು ಶರಾವತಿ ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚ್ ನಮಗೆಲ್ಲ ಗೊತ್ತಲ್ವಾ. ಎಷ್ಟು ಜನ ಹತ್ತಿದರು, ಎಷ್ಟು ಗಾಡಿ ಬಂತು ಅಂತ ನೋಡಿಯೇ ಲಾಂಚ್ ಬಿಡುತ್ತಿದ್ದರು. ಅದರ ಎಂಜಿನ್ ಎಷ್ಟು ಕುದುರೆಯದು ಅಂತ ನಾವು ಯಾರೂ ಕೇಳಿದವರಲ್ಲ. ಚಿಕ್ಕಂದಿನಿಂದ ಅದನ್ನು ನೋಡುತ್ತಲೇ ಬೆಳೆದವನು ನಾನು. ಆದರೂ ನನ್ನ ವಿಮಾನದ ಹತ್ತಿರ ಬಂದಾಗ ಕುದುರೆಯನ್ನೇ ಎಣಿಸಿದೆ.

ಇಲ್ಲಿನ ನಿಯಮದಲ್ಲಿ ಪ್ರಮಾಣಪತ್ರ ಇರುವ ಎಂಜಿನ್ ಮತ್ತು ಪ್ರೊಪೆಲ್ಲರ್ ಜೋಡಿ ಹಾಕಿದರೆ ಸಾಮಾನ್ಯವಾಗಿ 25 ಗಂಟೆ ಪರೀಕ್ಷಾ ಹಾರಾಟ. ಇಲ್ಲದಿದ್ದರೆ 40. ನನಗೆ 40. ಆ 40 ಗಂಟೆ ಬೇರೆಯವರನ್ನು ಸುಮ್ನೆ ಜೊತೆಗೆ ಕೂರಿಸಿಕೊಳ್ಳುವ ಹಾಗಿಲ್ಲ. ಒಬ್ಬನೇ ಹಾರಿದೆ. ಒಬ್ಬನೇ ಇದ್ದಾಗ ಎಲ್ಲ ಚೆನ್ನಾಗಿತ್ತು. ಪೂರ್ತಿ ತೂಕಕ್ಕೆ ಮರಳಿನ ಚೀಲ ತುಂಬಿಯೂ ನೋಡಿದೆ, ಎದ್ದಿತು. ಆದರೆ ಆವತ್ತು ಎದುರುಗಾಳಿ ಜೋರಾಗಿತ್ತು, ನೀರಿನ ಮೇಲೆ ಸಣ್ಣ ಅಲೆ ಇತ್ತು. ಅಲೆ ಇದ್ದರೆ ಫ್ಲೋಟಿನ ಹೊಟ್ಟೆಯ ಕೆಳಗೆ ಗಾಳಿ ನುಗ್ಗಿ ನೀರಿನ ಹಿಡಿತ ಸಡಿಲವಾಗುತ್ತದೆ. ಎದುರುಗಾಳಿ ಅರ್ಧ ಕೆಲಸ ಮಾಡಿಕೊಡುತ್ತದೆ. ಎರಡೂ ಸಹಾಯ ಇದ್ದ ದಿನ ಪರೀಕ್ಷೆ ಮಾಡಿ ಪಾಸಾದೆ ಅಂದುಕೊಂಡೆ.

ಜುಲೈ ತಿಂಗಳ ಒಂದು ಬೆಳಗ್ಗೆ ಹೆಂಡತಿಯನ್ನು ಮೊದಲ ಸಲ ಕೂರಿಸಿಕೊಂಡೆ. ಒಟ್ಟು ತೂಕ 1643. ಗಾಳಿ ಇಲ್ಲ. ನೀರು ಕನ್ನಡಿಯ ಹಾಗೆ. ನೋಡಲು ಅಷ್ಟು ಚಂದದ ದಿನ ಇನ್ನೊಂದಿಲ್ಲ, ಫ್ಲೋಟ್ ವಿಮಾನಕ್ಕೆ ಅಷ್ಟು ಕಷ್ಟದ ದಿನವೂ ಇನ್ನೊಂದಿಲ್ಲ.

ನೆಲದ ಮೇಲೆ ಓಡುವ ವಿಮಾನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಚಕ್ರದ ವಿಮಾನ ನಿಧಾನಕ್ಕಾದರೂ ವೇಗ ಹಿಡಿಯುತ್ತಲೇ ಹೋಗುತ್ತದೆ. ಫ್ಲೋಟ್ ಮೊದಲು ನೀರನ್ನು ಉಳುತ್ತದೆ. ಮೂತಿ ಮೇಲೇಳುತ್ತದೆ, ಹಿಂದೆ ದೊಡ್ಡ ಅಲೆ ಏಳುತ್ತದೆ. ವೇಗ ಹೆಚ್ಚಿದಂತೆ ನೀರಿನ ಎಳೆತವೂ ಹೆಚ್ಚುತ್ತಾ ಒಂದು ಗುಡ್ಡದ ಹಾಗೆ ಏರುತ್ತದೆ. ಅದಕ್ಕೆ ಹಂಪ್ ಅನ್ನುತ್ತಾರೆ. ಆ ಗುಡ್ಡ ಹತ್ತಿ ಇಳಿದರೆ ಫ್ಲೋಟ್ ನೀರಿನ ಮೇಲೆ ಜಾರಲು ಶುರು ಮಾಡುತ್ತದೆ, ಆಮೇಲೆ ಸಲೀಸು. ಹತ್ತದಿದ್ದರೆ ಹತ್ತಲೇ ಇಲ್ಲ. ಹತ್ತು ಮೈಲಿ ಕೆರೆ ಇದ್ದರೂ ಅಷ್ಟೇ, ಉಳುತ್ತಲೇ ಇರುತ್ತೀರಿ.

ನಾವು ಉಳುತ್ತಲೇ ಇದ್ದೆವು. ಒಂದು ಮೈಲಿ ಹೋದೆವು. ಒಂದು ಫ್ಲೋಟ್ ಎತ್ತಿ ನೀರಿನ ಹಿಡಿತ ಬಿಡಿಸುವ ಉಪಾಯ ಇದೆ, ಆದರೆ ಅದು ಹಂಪ್ ದಾಟಿದ ಮೇಲಿನ ಮಾತು. ನಾವು ಅಲ್ಲಿಗೇ ತಲುಪಲಿಲ್ಲ. ಕೂಲೆಂಟ್ ಮುಳ್ಳು ಕೆಂಪಿಗೆ ಬಂತು. ರೇಡಿಯೇಟರ್ ಅಳತೆಯನ್ನು ನಾನು ಆಕಾಶದಲ್ಲಿ ಹಾರುವಾಗ ಬರುವ ಗಾಳಿಗೆ ಲೆಕ್ಕ ಹಾಕಿದ್ದೆ. ಪೂರ್ತಿ ಥ್ರಾಟಲ್, ಆದರೆ ದೋಣಿಯ ವೇಗ, ಆ ಸ್ಥಿತಿಯಲ್ಲಿ ಅದಕ್ಕೆ ಗಾಳಿ ಎಲ್ಲಿಂದ ಬರಬೇಕು? ಎಂಜಿನ್ ಆರಿಸಿದೆ. ಇಬ್ಬರೂ ಫ್ಲೋಟ್ ಮೇಲೆ ಇಳಿದು ಹುಟ್ಟು ಹಾಕುತ್ತಾ ನಲವತ್ತು ನಿಮಿಷಕ್ಕೆ ದಡ ಸೇರಿದೆವು. ಅವಳು ಬೈಯಲಿಲ್ಲ. "ಈ ಎಂಜಿನ್ ತರುವಾಗ ತೂಗಿ ನೋಡಿದ್ರಾ?" ಅಂತ ಒಂದು ಮಾತು ಕೇಳಿದಳು. ನಾಲ್ಕು ವರ್ಷ ಪ್ರತಿ ಭಾನುವಾರ ನನ್ನನ್ನು ಗ್ಯಾರೇಜಿಗೆ ಬಿಟ್ಟುಕೊಟ್ಟವಳು ಅವಳು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಬೇಸಿಗೆ ರೇಡಿಯೇಟರ್ ದೊಡ್ಡದು ಮಾಡುವುದರಲ್ಲಿ ಹೋಯಿತು. ತೂಕ ಇನ್ನೂ ನಾಲ್ಕು ಪೌಂಡ್ ಏರಿತು. ಚಳಿಗಾಲದಲ್ಲಿ ಕೂತು ಕೊನೆಗೂ ಸರಿಯಾದ ಲೆಕ್ಕ ಮಾಡಿದೆ.

ಅದು ಪ್ರೊಪೆಲ್ಲರ್ ಲೆಕ್ಕ. ನಿಂತ ಜಾಗದಲ್ಲಿ ಎಷ್ಟು ಎಳೆತ ಸಿಗುತ್ತದೆ ಅನ್ನುವುದು ಎಂಜಿನ್ ಶಕ್ತಿಯನ್ನು ಪ್ರೊಪೆಲ್ಲರಿನ ವ್ಯಾಸದಿಂದ ಗುಣಿಸಿದರೆ ಬರುವ ಸಂಖ್ಯೆಯ ಮೇಲೆ ನಿಂತಿದೆ. ಶಕ್ತಿ ಹತ್ತು ಪರ್ಸೆಂಟ್ ಹೆಚ್ಚಿಸುವುದೂ ಒಂದೇ, ವ್ಯಾಸ ಹತ್ತು ಪರ್ಸೆಂಟ್ ಹೆಚ್ಚಿಸುವುದೂ ಒಂದೇ. ನನ್ನ ಗೇರ್‌ಬಾಕ್ಸ್ 1.8ಕ್ಕೆ ಒಂದು, ಪ್ರೊಪೆಲ್ಲರ್ 3000 ಸುತ್ತು. ಅಷ್ಟು ವೇಗಕ್ಕೆ 70 ಇಂಚಿನದ್ದೇ ಹಾಕಿದ್ದೆ. 165ನ್ನು 70ರಿಂದ ಗುಣಿಸಿ: 11,550. ಸೂಪರ್ ಕಬ್ ವಿಮಾನವನ್ನು ಫ್ಲೋಟ್ ಮೇಲೆ ಹಾರಿಸುವವರು 150 ಕುದುರೆಯ ಓ-320ಗೆ 82 ಇಂಚು ಉದ್ದ, 41 ಇಂಚು ಪಿಚ್ (ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಮುಂದೆ ಸಾಗುವ ದೂರ) ಇರುವ ಪ್ರೊಪೆಲ್ಲರ್ ಹಾಕುತ್ತಾರೆ. ಬೋರರ್ ಪ್ರಾಪ್ ಅಂತ ಅದಕ್ಕೆ ಹೆಸರು. 150ನ್ನು 82ರಿಂದ ಗುಣಿಸಿ: 12,300. ಹದಿನೈದು ಕುದುರೆ ಕಡಿಮೆ, ಎಳೆತ ಜಾಸ್ತಿ. ನಾನು ದುಡ್ಡು ಕೊಟ್ಟು ತಂದ ಆ ಹದಿನೈದು ಕುದುರೆ ನೀರಿನ ಹತ್ತಿರ ಬರಲೇ ಇಲ್ಲ.

ಎಂಜಿನ್ನನ್ನು ಸಿಕ್ಕ ಬೆಲೆಗೆ ಕೊಟ್ಟೆ. 900 ಗಂಟೆ ಓಡಿದ ಓ-320 ಹುಡುಕಿ ತಂದೆ. ತರುವ ಮುಂಚೆ ಕ್ರೇನ್ ತಕ್ಕಡಿಗೆ ನೇತುಹಾಕಿ ತೂಗಿದೆ. ಮೂತಿ, ಎಂಜಿನ್ ಮುಚ್ಚುವ ಕೌಲಿಂಗ್, ಮೌಂಟ್ ಎಲ್ಲ ಹೊಸದಾಗಿ ಮಾಡಬೇಕಾಯಿತು. ಎರಡನೇ ಬೇಸಿಗೆ ಹೋಗಿದ್ದು ಹೀಗೆ. ಸೀಸ ಬಿಚ್ಚಿದೆ. ಖಾಲಿ ತೂಕ 1126. ಎಂಜಿನ್ ಬದಲಿಸಿದ್ದಕ್ಕೆ ಮತ್ತೆ ಐದು ಗಂಟೆ ಪರೀಕ್ಷಾ ಹಾರಾಟ. ಮಾರನೇ ಜೂನ್‌ನಲ್ಲಿ, ಬೇಕಂತಲೇ ಗಾಳಿ ಇಲ್ಲದ ಬೆಳಗ್ಗೆ ಹುಡುಕಿ, ಹೆಂಡತಿಯನ್ನು ಕೂರಿಸಿಕೊಂಡೆ. ಹಂಪ್ ದಾಟಿತು. ಎಡ ಫ್ಲೋಟ್ ನೀರಲ್ಲಿಟ್ಟು ಬಲ ಫ್ಲೋಟ್ ಎತ್ತಿದೆ. ಮೂವತ್ತೊಂದು ಸೆಕೆಂಡಿಗೆ ನೀರು ಬಿಟ್ಟಿತು. ಅವಳು ಕೈಗಡಿಯಾರ ನೋಡಿ ಎಣಿಸುತ್ತಿದ್ದಳು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ದುಡ್ಡಿಗೆ ಎಷ್ಟು ಕುದುರೆ ಅನ್ನುವುದು ಚಕ್ರದ ವಿಮಾನದವರಿಗೆ ಬಿಡಿ. ಮೊದಲು ಪ್ರೊಪೆಲ್ಲರ್ ಆರಿಸಿ. ನಿಮ್ಮ ವಿಮಾನದ ಮೂತಿಗೂ ನೀರಿಗೂ ನಡುವೆ ಎಷ್ಟು ಜಾಗ ಇದೆ ನೋಡಿ. ಕಂಪನಿಯ ಸಣ್ಣ ವಿಮಾನಗಳಿಗೆ ಕನಿಷ್ಠ 18 ಇಂಚು ಬಿಡಬೇಕು ಅಂತ 2017ರವರೆಗೆ ನಿಯಮದಲ್ಲೇ ಇತ್ತು. ನೀವೂ ಬಿಡಿ, ಇಲ್ಲದಿದ್ದರೆ ನೀರಿನ ಹನಿ ಬಡಿದು ಬ್ಲೇಡಿನ ಅಂಚು ಕೊರೆದು ಹೋಗುತ್ತದೆ. ಅಷ್ಟು ಜಾಗದಲ್ಲಿ ಹಿಡಿಸುವ ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ, ಚಪ್ಪಟೆ, ಅಂದರೆ ಕಡಿಮೆ, ಪಿಚ್‌ನಲ್ಲಿ ತಿರುಗಿಸುವ ಹಗುರ ಎಂಜಿನ್ ಯಾವುದೋ ಅದೇ ನಿಮ್ಮ ಎಂಜಿನ್. ಮೇಲೆ ಹೋದಾಗ ವೇಗ ಸ್ವಲ್ಪ ಕಡಿಮೆ ಸಿಗುತ್ತದೆ. ಸಿಗಲಿ ಬಿಡಿ.

ರೋಟ್ಯಾಕ್ಸ್ 912 ಅನ್ನುವ ಸಣ್ಣ ವಿಮಾನದ ಎಂಜಿನ್ ಬಗ್ಗೆಯೂ ಕೇಳಿದ್ದೀರಿ. ನಿಮ್ಮ ವಿಮಾನ ಸಣ್ಣದಾಗಿದ್ದರೆ, ಜ಼ೆನಿತ್ 701ರಂಥದ್ದಾಗಿದ್ದರೆ, ಕಣ್ಣು ಮುಚ್ಚಿ 100 ಕುದುರೆಯ 912 ಯುಎಲ್‌ಎಸ್ ಹಾಕಿ. ಗೇರ್ 2.43ಕ್ಕೆ ಒಂದು, 5800 ಸುತ್ತಿನಲ್ಲಿ ಪ್ರೊಪೆಲ್ಲರ್ ಸುಮಾರು 2390 ಸುತ್ತು ಮಾತ್ರ. ಗೇರ್ ಹೇಗಿರಬೇಕೋ ಹಾಗಿದೆ. ಆದರೆ 1650 ಪೌಂಡಿನ ವಿಮಾನಕ್ಕೆ ಅದು ಸಾಲದು. ಇನ್ನೊಂದು ವಿಷಯ. ನೀರಿನ ಮೇಲೆ ಬ್ರೇಕ್ ಇಲ್ಲ. ಎಂಜಿನ್ ಶುರುವಾದ ಕ್ಷಣದಿಂದ ವಿಮಾನ ಹೊರಟೇಬಿಡುತ್ತದೆ, ನಿಂತರೆ ಗಾಳಿ ತಳ್ಳಿದ ಕಡೆ ಹೋಗುತ್ತದೆ. ಕೆರೆಯ ನಡುವೆ ಬ್ಯಾಟರಿ ಸತ್ತರೆ ಎಂಜಿನ್ ನಡೆಯಬೇಕಾ ಬೇಡವಾ ಅಂತ ಮೊದಲೇ ಯೋಚಿಸಿ. ಮ್ಯಾಗ್ನೆಟೋ ಇರುವ ಎಂಜಿನ್‌ಗೆ ಬ್ಯಾಟರಿಯ ಹಂಗಿಲ್ಲ. ಈ ಒಂದು ಕಾರಣಕ್ಕೇ ಅಜ್ಜನ ಕಾಲದ ಎಂಜಿನ್ ಮೇಲೆ ನನಗೆ ಈಗ ಪ್ರೀತಿ.

ಕಾರಿನ ಎಂಜಿನ್ ಹಾಕಿ ಚೆನ್ನಾಗಿ ಹಾರುತ್ತಿರುವವರೂ ಇದ್ದಾರೆ. ಅವರಿಗೆ ಎಂಜಿನ್ ಕೆಲಸವೇ ಖುಷಿ. ನಿಮಗೆ ಹಾರುವುದು ಖುಷಿ ಅಂತ ನಿಮ್ಮ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ.

ದುಡ್ಡು ಕೊಡುವ ಮುಂಚೆ ಎಂಜಿನ್ನನ್ನು ನೇತುಹಾಕಿ ತೂಗಿ, ಅದರ ಜೊತೆ ಬರುವ ಪ್ರತಿ ಪೈಪು, ಪ್ರತಿ ಬೋಲ್ಟು ಸಮೇತ. ಆ ಪಟ್ಟಿ, ಫ್ಲೋಟಿನ ನಂಬರ್, ಕಿಟ್‌ನ ಪೂರ್ಣ ತೂಕ, ಪ್ರೊಪೆಲ್ಲರಿನ ಅಳತೆ ಇಲ್ಲೇ ಬರೆಯಿರಿ. ಕೂತು ನೋಡುತ್ತೇನೆ. ತಕ್ಕಡಿ ಇಲ್ಲದಿದ್ದರೆ ನನ್ನ ಹತ್ತಿರ ಆ ಕ್ರೇನ್ ತಕ್ಕಡಿ ಇನ್ನೂ ಇದೆ. ಸೇಂಟ್ ಕ್ರೋಯ್ ಹೊಳೆ ದಾಟಿದರೆ ನಿಮ್ಮ ರಾಜ್ಯ, ಒಂದು ಶನಿವಾರ ಹಡ್ಸನ್‌ವರೆಗೆ ತಂದುಕೊಡುತ್ತೇನೆ.