ಯಶಸ್ಸಿನ ಕಾಲದಲ್ಲಿ ನಿಮಗೆ ‘ಬೇಡ’ ಅನ್ನುವವರು ಯಾರು?

ಠಾಣೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಹುಡುಗನಾಗಿದ್ದಾಗ ಉಡುಪಿ ಕಡೆಯಿಂದ ಮುಂಬಯಿಗೆ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಈಗ ಘೋಡ್‌ಬಂದರ್ ರಸ್ತೆಯಲ್ಲಿ ಅವರ ಮೂರನೆಯ ಹೋಟೆಲು ಶುರುವಾಗಿದೆ. ಅವರ ಕ್ರೈಸ್ತ ಸಭೆಯ ಕಮಿಟಿಯಲ್ಲೂ ದೊಡ್ಡ ಜವಾಬ್ದಾರಿ ಸಿಕ್ಕಿದೆ. ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ ಸನ್ಮಾನಿಸಿದರಂತೆ. “ಎಲ್ಲಾ ದೇವರ ದಯೆ ಅಂತ ಮೈಕಿನಲ್ಲಿ ಹೇಳಿದೆ. ಒಳಗೆ ಮಾತ್ರ ನಾನೇ ಗೆದ್ದೆ ಅನ್ನಿಸುತ್ತಿತ್ತು. ಮನೆಗೆ ಬಂದ ಮೇಲೆ ಹೆಂಡತಿ, ಈಗೀಗ ನಿಮಗೆ ಯಾರೂ ಏನೂ ಹೇಳುವ ಹಾಗಿಲ್ಲ ಅಂದಳು. ಇದು ಗರ್ವವೇ? ಸನ್ಮಾನ ಬೇಡ ಅನ್ನಬೇಕೇ? ಕಮಿಟಿ ಬಿಡಬೇಕೇ? ಸಭೆಯಲ್ಲಿ ಸಾಕ್ಷಿ ಹೇಳಲು ನನಗೆ ಯೋಗ್ಯತೆ ಇದೆಯೇ?” ಇದು ಅವರ ಪ್ರಶ್ನೆ. (ಸಾಕ್ಷಿ ಅಂದರೆ ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು ಸಭೆಯ ಮುಂದೆ ಹೇಳುವುದು.)

ಪ್ರಿಯ ಸಹೋದರರೇ,

ಸಂತೋಷಪಟ್ಟಿದ್ದಕ್ಕೆ ನಾಚಬೇಡಿ. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಕಳಿಸಿದ ಶಿಷ್ಯರು ಕುಣಿಯುವಷ್ಟು ಖುಷಿಯಿಂದ ವಾಪಸ್ ಬರುತ್ತಾರೆ. ದೆವ್ವಗಳೂ ನಮ್ಮ ಮಾತು ಕೇಳಿದವು ಅನ್ನುತ್ತಾರೆ. ಯೇಸು ಅವರಿಗೆ ಖುಷಿಪಡಬೇಡಿ ಅನ್ನುವುದಿಲ್ಲ. ಇದಕ್ಕಾಗಿ ಬೇಡ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆಯಲ್ಲ, ಅದಕ್ಕಾಗಿ ಖುಷಿಪಡಿ ಅನ್ನುತ್ತಾನೆ. ನಾಳೆ ಹೋಟೆಲು ಮುಚ್ಚಿದರೂ ಉಳಿಯುವ ಖುಷಿ ಅದು.

ನನ್ನನ್ನು ನಿಲ್ಲಿಸಿದ್ದು ನಿಮ್ಮ ಹೆಂಡತಿಯ ಮಾತು. ಬೈಬಲಿನ ಎರಡನೆಯ ಪೂರ್ವಕಾಲವೃತ್ತಾಂತದ 26ನೇ ಅಧ್ಯಾಯವನ್ನು ಈ ವಾರ ಇಬ್ಬರೂ ಕೂತು ಓದಿ. ಉಜ್ಜೀಯ 16ನೇ ವಯಸ್ಸಿಗೆ ಯೆಹೂದದ ಅರಸನಾದ. ಯೆರೂಸಲೇಮಿನಲ್ಲಿ 52 ವರ್ಷ ಆಳಿದ. ಗೋಪುರ ಕಟ್ಟಿಸಿದ, ಬಾವಿ ತೋಡಿಸಿದ. ವ್ಯವಸಾಯ ಅಂದರೆ ಅವನಿಗೆ ಪ್ರೀತಿ. ದೇವರನ್ನು ಹುಡುಕುವುದನ್ನು ಕಲಿಸಲು ಜೆಕರ್ಯ ಎಂಬ ತಿಳಿವಳಿಕೆಯುಳ್ಳ ಮನುಷ್ಯ ಇದ್ದ. ದೇವರೇ ಉಜ್ಜೀಯನಿಗೆ ಸಹಾಯ ಮಾಡಿದ ಅಂತ ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ. ಅವನ ಯಶಸ್ಸು ಸುಳ್ಳಲ್ಲ. ಬಲ ಬಂದ ಮೇಲೆ ಮನಸ್ಸು ಉಬ್ಬಿತು.

ಉಬ್ಬಿದ ಮನಸ್ಸು ಅವನನ್ನು ಎಲ್ಲಿಗೆ ಕರೆದುಕೊಂಡು ಹೋಯಿತು ನೋಡಿ. ದೇವಾಲಯಕ್ಕೆ! ಧೂಪ ಹಾಕಲು! ನೋಡಿದವರಿಗೆ ಭಕ್ತಿಯೇ ಕಾಣಬೇಕು. ಆದರೆ ಆ ಕೆಲಸ ಯಾಜಕರದ್ದು. ಪ್ರಧಾನ ಯಾಜಕ ಅಜರ್ಯನೂ ಅವನ ಜೊತೆ 80 ಮಂದಿ ಯಾಜಕರೂ ಅಡ್ಡ ನಿಂತು, ಇದು ನಿನ್ನ ಕೆಲಸವಲ್ಲ, ಹೊರಗೆ ಹೋಗು ಅಂದರು. ಅವನು ಸಿಟ್ಟಾದ. ಧೂಪಾರತಿ ಕೈಯಲ್ಲಿರುವಾಗಲೇ, ಆ ಸಿಟ್ಟಿನ ನಡುವೆಯೇ, ಹಣೆಯಲ್ಲಿ ಕುಷ್ಠ ಕಾಣಿಸಿತು. ಸಾಯುವವರೆಗೂ ಬೇರೆ ಮನೆಯಲ್ಲಿ ಇರಬೇಕಾಯಿತು. ‘ಬೇಡ’ ಅಂದಾಗ ಅವನು ಸುಮ್ನೆ ಹೊರಗೆ ಬಂದಿದ್ದರೆ? ಈ ಪ್ರಶ್ನೆ ನನ್ನನ್ನು ಬಹಳ ಕಾಡುತ್ತದೆ. ಗರ್ವ ಇದೆಯೋ ಇಲ್ಲವೋ ಎಂದು ಎದೆಯೊಳಗೆ ಹುಡುಕುತ್ತಾ ಕೂತರೆ ಉತ್ತರ ಸಿಗುವುದಿಲ್ಲ. ಯಾರಾದರೂ ತಡೆದಾಗ ನಿಮಗೆ ಏನಾಗುತ್ತದೆ ಅನ್ನುವುದನ್ನು ನೋಡಿ. ನಿಮ್ಮ ಹೆಂಡತಿ ಇನ್ನೂ ಹೇಳುತ್ತಿದ್ದಾರೆ. ಹೋಟೆಲಿನ ಮ್ಯಾನೇಜರ್ ಹೇಳುತ್ತಾರಾ? ಕಮಿಟಿಯ ಕಿರಿಯ ಸದಸ್ಯರು ಲೆಕ್ಕ ಕೇಳುತ್ತಾರಾ? ಕೇಳಿದ ಮೇಲೂ ಮುಂದಿನ ಭಾನುವಾರ ಅವರು ನಿಮ್ಮೊಂದಿಗೆ ಮೊದಲಿನ ಹಾಗೇ ಮಾತಾಡಬಲ್ಲರಾ?

ಇನ್ನು, ‘ಎಲ್ಲಾ ದೇವರ ದಯೆ’ ಅಂದ ಮಾತು. ಒಳ್ಳೆಯದೇ. ಆದರೆ ಲೂಕ 18ರ ಫರಿಸಾಯನ, ಅಂದರೆ ಧರ್ಮನಿಷ್ಠನೆಂದು ಹೆಸರಾದವನ, ಪ್ರಾರ್ಥನೆ ಶುರುವಾಗುವುದೂ ದೇವರಿಗೆ ಸ್ತೋತ್ರ ಹೇಳಿಯೇ, ಅಲ್ವಾ? ಅವನು ಕೆಟ್ಟದ್ದು ಅಲ್ಲೇ ಇದ್ದ ಸುಂಕದವನನ್ನು ನೋಡಿ, ನಾನು ಇವನ ಹಾಗಲ್ಲ ಅಂದಾಗ.

ನಿಮ್ಮ ಪತ್ರದ ಎರಡನೇ ಪುಟದಲ್ಲಿ ದೊಡ್ಡಪ್ಪನ ಮಗನ ಬಗ್ಗೆ ಒಂದು ಸಾಲಿದೆ. “ಅಣ್ಣನೂ ನನ್ನ ಜೊತೆಗೇ ಬಂದವನು, ಪ್ರಾರ್ಥನೆಯೂ ಇಲ್ಲ, ಛಲವೂ ಇಲ್ಲ, ಡೊಂಬಿವಲಿಯಲ್ಲಿ ಇನ್ನೂ ಯಾರದೋ ಗಲ್ಲಾದಲ್ಲಿ ಕೂತಿದ್ದಾನೆ.” ಮೊದಲ ಪುಟದಲ್ಲಿ, ಹಳೆಯ ದಿನಗಳನ್ನು ನೆನೆಯುವಾಗ, ನೀವೇ ಬರೆದಿದ್ದೀರಿ: “ನಾನು ರಾತ್ರಿ ಶಾಲೆಗೆ ಹೋಗುವಾಗ ನನ್ನ ಪಾಲಿನ ಕಪ್ಪುಬಸಿ ಅಣ್ಣನೇ ತೊಳೆಯುತ್ತಿದ್ದ.” ಈ ಎರಡು ಸಾಲುಗಳನ್ನು ಒಟ್ಟಿಗೆ ಇಟ್ಟು ಓದಿ, ಸಹೋದರರೇ. ನೋವಾಗಲಿ ಅಂತ ಹೇಳುತ್ತಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅಂತ ನನಗೆ ಅನ್ನಿಸಿತು. ನೀವು ಓದಿದಿರಿ, ಅವರಿಗೆ ಓದಲು ಸಂಜೆಯೇ ಉಳಿಯಲಿಲ್ಲ. ಸಂಜೆ ಹೊರಗೆ ಬಿಟ್ಟ ಧಣಿ, ದುಡಿದು ಬಂದು ತೂಕಡಿಸುವ ಹುಡುಗರಿಗೆ ತಾಳ್ಮೆಯಿಂದ ಪಾಠ ಹೇಳಿದ ಮೇಷ್ಟ್ರು, ಇವರೂ ನಿಮ್ಮ ಮೂರು ಹೋಟೆಲುಗಳಲ್ಲಿ ಇದ್ದಾರೆ. ನನ್ನ ಕೈಬಲದಿಂದಲೇ ಈ ಐಶ್ವರ್ಯ ಬಂತು ಅಂದುಕೊಳ್ಳಬೇಡಿ ಎಂದು ಮೋಶೆ ಧರ್ಮೋಪದೇಶಕಾಂಡದ 8ನೇ ಅಧ್ಯಾಯದಲ್ಲಿ ಎಚ್ಚರಿಸಿದ್ದು ಹೊಟ್ಟೆ ತುಂಬ ಉಂಡು ಒಳ್ಳೆಯ ಮನೆ ಕಟ್ಟಿಕೊಂಡವರನ್ನು. ಕೊರಿಂಥದವರಿಗೆ ಪೌಲ ಕೇಳಿದ್ದೂ ಅದನ್ನೇ: ನಿಮ್ಮ ಹತ್ತಿರ ಇರುವುದರಲ್ಲಿ ಪಡೆಯದೆ ಬಂದದ್ದು ಯಾವುದು?

ಸನ್ಮಾನದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪ್ರೀತಿಯಿಂದ ಕೊಟ್ಟರೆ ತೆಗೆದುಕೊಳ್ಳಿ. ಹತ್ತು ಸಲ ಬೇಡ ಅಂದು ಹನ್ನೊಂದನೇ ಸಲ ಒಪ್ಪುವುದರಲ್ಲಿ ಗರ್ವ ಇನ್ನೂ ಜಾಸ್ತಿ.

ಕಮಿಟಿಯನ್ನೂ ಬಿಡಬೇಡಿ. ಸಿಕ್ಕಿದ್ದನ್ನು ಎಸೆಯುವುದು ನಮ್ರತೆ ಅಲ್ಲ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ರಮಾಬಾಯಿಯವರಿಗೆ 20ರ ವಯಸ್ಸಿನಲ್ಲೇ ಕಲ್ಕತ್ತೆಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಬಿರುದು ಕೊಟ್ಟಿದ್ದರು. ಕ್ರೈಸ್ತರಾದ ಮೇಲೆ ಅವರು ಆ ವಿದ್ಯೆಯನ್ನು ಬಚ್ಚಿಡಲಿಲ್ಲ. ಪುಣೆ ಹತ್ತಿರದ ಕೇಡಗಾಂವ್‌ನ ಮುಕ್ತಿ ಸದನದಲ್ಲಿ, ಬರಗಾಲದಲ್ಲಿ ದಿಕ್ಕುತಪ್ಪಿದ ಹೆಣ್ಣುಮಕ್ಕಳ ನಡುವೆ ಬದುಕಿದರು. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಅದೂ ಹಳ್ಳಿಯ ಹೆಂಗಸಿಗೂ ಅರ್ಥವಾಗುವ ಸರಳ ಮರಾಠಿಗೆ. ನಿಮಗೆ ಹಣದ ಲೆಕ್ಕ, ಜನರನ್ನು ನಡೆಸುವ ರೀತಿ ಗೊತ್ತು. ಸಭೆಗೆ ಅದು ಬೇಕು. ಆದರೆ ಖಜಾಂಚಿ ನಿಮ್ಮ ನೆಂಟರಾಗದಿರಲಿ, ನಿಮ್ಮ ಅವಧಿ ಯಾವಾಗ ಮುಗಿಯುತ್ತದೆ ಎಂದು ಈಗಲೇ ಬರೆಸಿಡಿ.

ಕೊನೆಯ ಪ್ರಶ್ನೆ, ಸಾಕ್ಷಿ. ಹೇಳಿ, ಖಂಡಿತ ಹೇಳಿ. ಅದಕ್ಕೆ ಮೊದಲು ಡೊಂಬಿವಲಿಗೆ ಹೋಗಿ ಬನ್ನಿ. ಜೇಬಿನಲ್ಲಿ ಲಕೋಟೆ ಇಟ್ಟುಕೊಂಡು ಹೋಗಬೇಡಿ. ಸಹಾಯದ ಮಾತು ಮುಂದೆಂದಾದರೂ ಆಗಲಿ. ಅಣ್ಣನ ಮನೆಯಲ್ಲಿ ಕೂತು ಊಟ ಮಾಡಿ, ಫೋರ್ಟಿನ ಆ ದಿನಗಳ ಬಗ್ಗೆ ಅವರು ಹೇಳುವುದನ್ನು ಕೇಳಿ. ಕಪ್ಪುಬಸಿಯ ವಿಷಯ ಸಭೆಯಲ್ಲಿ ಹೇಳಬಹುದಾ ಅಂತ ಅವರನ್ನೇ ಕೇಳಿ. ಒಪ್ಪಿದರೆ ನಿಮ್ಮ ಸಾಕ್ಷಿಯನ್ನು ಅಲ್ಲಿಂದಲೇ ಶುರು ಮಾಡಿ.