ಊರಾಚೆಯ ಮೈದಾನದಲ್ಲಿ ಅಂಪೈರ್ ಆಗಿ ನಿಲ್ಲೋಕೆ ಎಲ್‌ಬಿಡಬ್ಲ್ಯು ಗೊತ್ತಿರಲೇಬೇಕಾ?

ಭಾನುವಾರ ಹಳ್ಳಿಯ ತಂಡದ ಜೊತೆ ಸೌಹಾರ್ದ ಕ್ರಿಕೆಟ್ ಪಂದ್ಯ, ನಮ್ಮವರು ಬ್ಯಾಟ್ ಮಾಡುವಾಗ ನಾನೇ ಅಂಪೈರ್ ಆಗಿ ನಿಲ್ಲಬೇಕು, ಎಲ್‌ಬಿಡಬ್ಲ್ಯು (ಸ್ಟಂಪ್‌ಗೆ ಬಡಿಯಬೇಕಿದ್ದ ಚೆಂಡು ಕಾಲಿಗೆ ತಗುಲಿದರೆ ಔಟ್ ಕೊಡುವ ನಿಯಮ) ಸರಿಯಾಗಿ ಗೊತ್ತಿಲ್ಲ, ಒಪ್ಪಿಕೊಳ್ಳಲಾ ಬೇಡವಾ ಅಂತ ಕೇಳಿದ್ದೀರಿ. ಒಪ್ಪಿಕೊಳ್ಳಿ. ಆದರೆ ಹೆದರಬೇಕಾದ್ದು ಎಲ್‌ಬಿಡಬ್ಲ್ಯುಗೆ ಅಲ್ಲ.

ನನಗೂ ಇದೇ ಹೆದರಿಕೆ ಇತ್ತು. ಪಂದ್ಯದ ಹಿಂದಿನ ರಾತ್ರಿ ಆ ನಿಯಮವನ್ನು ಮೂರು ಸಲ ಓದಿದ್ದೆ. ಮರುದಿನ ನಾನು ನಿಂತಿದ್ದಷ್ಟು ಹೊತ್ತು ಒಂದೇ ಒಂದು ಎಲ್‌ಬಿಡಬ್ಲ್ಯು ಅಪೀಲ್ ಬರಲಿಲ್ಲ. ನಾನು ತಪ್ಪಿದ್ದು ಎಸೆತ ಎಣಿಸುವುದರಲ್ಲಿ.

35 ಓವರ್‌ಗಳ ಪಂದ್ಯ. ಇಳಿಜಾರಿನ ಮೈದಾನ, ಬೌಂಡರಿಯ ಒಳಗೇ ಒಂದು ದೊಡ್ಡ ಮರ. ಮರಕ್ಕೆ ಬಡಿದರೆ ನಾಲ್ಕು ರನ್ ಅಂತ ಟಾಸ್‌ಗೆ ಮೊದಲೇ ಎರಡೂ ಕ್ಯಾಪ್ಟನ್‌ಗಳು ಮಾತಾಡಿಕೊಂಡಿದ್ದರು. ಅದು ಒಳ್ಳೆಯದೇ. ಮೈದಾನದೊಳಗಿನ ಮರ ತಾನಾಗಿಯೇ ಬೌಂಡರಿ ಆಗುವುದಿಲ್ಲ, ಟಾಸ್‌ಗೆ ಮೊದಲು ಹಾಗಂತ ತೀರ್ಮಾನ ಆಗಿರಬೇಕು. ಇಂಗ್ಲೆಂಡಿನ ಕ್ಯಾಂಟರ್‌ಬರಿ ಮೈದಾನದಲ್ಲೂ ಬೌಂಡರಿಯ ಒಳಗೆ ಇಂಥದ್ದೊಂದು ಮರ ಇತ್ತು, ತಗುಲಿದರೆ ನಾಲ್ಕು. 2005ರಲ್ಲಿ ಗಾಳಿಗೆ ಮುರಿದು ಬಿತ್ತು. ಇಷ್ಟೆಲ್ಲ ಮಾತಾಡಿದ ನಾವು ಅಂಪೈರ್ ಯಾವಾಗ ಬದಲಾಗಬೇಕು ಅನ್ನುವುದನ್ನು ಮಾತ್ರ ಮಾತಾಡಲಿಲ್ಲ.

ಇಂಥ ಪಂದ್ಯಗಳಲ್ಲಿ ಬ್ಯಾಟಿಂಗ್ ತಂಡದವರೇ ಅಂಪೈರ್ ಆಗುತ್ತಾರೆ, ಅಲ್ವಾ? ವಿಕೆಟ್ ಬೀಳುತ್ತಾ ಹೋದ ಹಾಗೆ ಅವರೂ ಬದಲಾಗುತ್ತಿರುತ್ತಾರೆ. ನಾವು ಚೇಸ್ ಮಾಡುತ್ತಿದ್ದೆವು. ಕೊನೆಯ ಓವರ್. ಮೂರನೇ ಎಸೆತಕ್ಕೆ ನಮ್ಮವನೊಬ್ಬ ಬೌಲ್ಡ್ ಆದ. ಬೌಲರ್ ಕಡೆ ಅಂಪೈರ್ ಆಗಿ ನಿಂತಿದ್ದ ಗೆಳೆಯನೇ ಮುಂದಿನ ಬ್ಯಾಟ್ಸ್‌ಮನ್. ಪ್ಯಾಡ್ ಕಟ್ಟಿಕೊಂಡೇ ನಿಂತಿದ್ದ. ನಾನು ಓಡಿ ಹೋದೆ. ಅವನು ಜೇಬಿನಿಂದ ಎಸೆತ ಎಣಿಸುವ ಕಲ್ಲುಗಳನ್ನು ತೆಗೆದು ನನ್ನ ಕೈಗೆ ಹಾಕಿ "ಇಷ್ಟು ಬಾಕಿ" ಅಂದು ಬ್ಯಾಟ್ ತರಲು ಓಡಿದ. ಕೈ ನೋಡಿಕೊಂಡೆ. ನಾಲ್ಕು ಕಲ್ಲು.

ಮೂರು ಎಸೆತ ಆಗಿದ್ದರೆ ಮೂರು ಕಲ್ಲು ಉಳಿದಿರಬೇಕಿತ್ತು. ನಾಲ್ಕು ಹೇಗೆ ಬಂತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮಗೂ ಇದು ಆಗಬಹುದು. ಆರು ಕಲ್ಲು ಬಲ ಜೇಬಿನಲ್ಲಿ ಇಟ್ಟುಕೊಂಡು ಪ್ರತಿ ಎಸೆತಕ್ಕೂ ಒಂದನ್ನು ಎಡ ಜೇಬಿಗೆ ಹಾಕುವುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ವೈಡ್‌ಗೆ, ನೋ ಬಾಲ್‌ಗೆ ಹಾಕಬಾರದು. ಆದರೆ ಯಾವ ಗಳಿಗೆಯಲ್ಲಿ ಹಾಕಬೇಕು? ನಾನು ಚೆಂಡು ಡೆಡ್ ಆದ ಕೂಡಲೇ, ಅಂದರೆ ಆ ಎಸೆತದ ಆಟ ಮುಗಿದ ಕೂಡಲೇ ಹಾಕುತ್ತೇನೆ. ಗೆಳೆಯ ಮಾತ್ರ, ಬೌಲರ್ ಮುಂದಿನ ಎಸೆತಕ್ಕೆ ಓಡಿ ಬರಲು ಶುರು ಮಾಡಿದಾಗ ಹಾಕುತ್ತಾನೆ. ಎರಡೂ ಸರಿಯೇ. ಒಬ್ಬನೇ ಇಡೀ ಓವರ್ ನಿಂತರೆ ಇಬ್ಬರ ಲೆಕ್ಕವೂ ತಪ್ಪುವುದಿಲ್ಲ. ಆವತ್ತು ವಿಕೆಟ್ ಬಿದ್ದ ಎಸೆತದ ಕಲ್ಲು ಇನ್ನೂ ಅವನ ಬಲ ಜೇಬಿನಲ್ಲೇ ಇತ್ತು. ಅದೇ ನನ್ನ ಕೈಗೆ ಬಂದ ನಾಲ್ಕನೆಯ ಕಲ್ಲು.

ಆಗ ನಮಗೆ ಆರು ರನ್ ಬೇಕಿತ್ತು. ಗೆಳೆಯ ಬಂದು ಒಂದು ರನ್ ತೆಗೆದ. ಆ ಕಡೆಯವನು ಒಂದು. ಮತ್ತೆ ಗೆಳೆಯನ ಸರದಿ, ಚೆಂಡು ಬ್ಯಾಟಿಗೆ ಸಿಗಲೇ ಇಲ್ಲ. ನಾಲ್ಕು ರನ್ ಬಾಕಿ. ಬೌಲರ್ ಹದಿನೇಳರ ಹುಡುಗ. ನನ್ನ ಪಕ್ಕ ಬಂದು ಮೆತ್ತಗೆ ಕೇಳಿದ, "ಅಣ್ಣಾ, ಓವರ್ ಆಯ್ತಲ್ವಾ?"

ನಾನು ಮುಷ್ಟಿ ಬಿಚ್ಚಿ ತೋರಿಸಿದೆ. ಒಂದು ಕಲ್ಲು ಇತ್ತು. "ಇಲ್ಲಪ್ಪಾ, ಇನ್ನೊಂದಿದೆ" ಅಂದೆ. ಅವನು ಕಲ್ಲು ನೋಡಿದ, ನನ್ನ ಮುಖ ನೋಡಿದ, ವಾಪಸ್ ಹೋಗಿ ಓಡಿ ಬಂದು ಹಾಕಿದ. ಗೆಳೆಯ ಮಿಡ್ ಆನ್ ಪಕ್ಕದಿಂದ ನಾಲ್ಕು ಹೊಡೆದ. ನಾವು ಗೆದ್ದೆವು.

ನನ್ನ ತಪ್ಪು ಕಲ್ಲಿನದಲ್ಲ. ಕಲ್ಲು ಯಾರಿಗಾದರೂ ತಪ್ಪುತ್ತದೆ. ಎಸೆದವನೇ ಬಂದು ಕೇಳಿದಾಗ ನಾನು ಸ್ಕೋರರ್‌ಗಳ ಕಡೆ ತಿರುಗಲಿಲ್ಲ. ಅದು ತಪ್ಪು. ಅವರ ಮುಂದೆ ಪ್ರತಿ ಎಸೆತವೂ ಬರೆದಿಟ್ಟ ಪುಸ್ತಕ ಇತ್ತು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಸ್ಕ್ವೇರ್ ಲೆಗ್‌ನಲ್ಲಿ, ಅಂದರೆ ಬ್ಯಾಟ್ಸ್‌ಮನ್ ಪಕ್ಕಕ್ಕೆ ದೂರದಲ್ಲಿ ನಿಂತಿದ್ದ ಇನ್ನೊಬ್ಬ ಅಂಪೈರನ್ನಾದರೂ ಕೇಳಬಹುದಿತ್ತು. ಬೌಲರ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ, ತಾನು ಎಷ್ಟು ಸಲ ಓಡಿ ಬಂದೆ ಅಂತ? ನಾನು ಅವನನ್ನು ಬಿಟ್ಟು ಕಲ್ಲನ್ನು ನಂಬಿದೆ.

ಸಂಜೆ ಸ್ಕೋರ್ ಬುಕ್ ನೋಡಿದೆ. ಕೊನೆಯ ಓವರ್‌ನಲ್ಲಿ ಏಳು ಗುರುತು. ವೈಡ್ ಇಲ್ಲ, ನೋ ಬಾಲ್ ಇಲ್ಲ. ಗೆಳೆಯನನ್ನು ಕೇಳಿದಾಗಲೇ ಅವನು ಕಲ್ಲು ಹಾಕುವ ರೀತಿ ಗೊತ್ತಾಗಿದ್ದು.

ನಿಯಮದ ಪ್ರಕಾರ ನಮ್ಮ ಗೆಲುವು ಗೆಲುವೇ. ಅಂಪೈರ್ ಎಣಿಕೆ ತಪ್ಪಿದರೂ ಅವರು ಎಣಿಸಿದ ಓವರೇ ಓವರ್ ಅಂತ ಕ್ರಿಕೆಟ್‌ನ 17ನೇ ನಿಯಮ ಹೇಳುತ್ತದೆ. ನಾನು ಇದನ್ನೇ ಹಿಡಿದುಕೊಂಡು ಸುಮ್ಮನಿದ್ದೆ. ಅದು ನನ್ನ ಎರಡನೇ ತಪ್ಪು. 1980ರ ಬಾಂಬೆ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಬ್ಯಾಟ್ಸ್‌ಮನ್ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟ ಮೇಲೂ ಭಾರತದ ಕ್ಯಾಪ್ಟನ್ ಜಿ.ಆರ್. ವಿಶ್ವನಾಥ್ ಆ ಟೇಲರ್‌ರನ್ನು ವಾಪಸ್ ಕರೆದರು. ಟೇಲರ್ ತಮ್ಮ ತಂಡದ ಬೋಥಮ್ ಜೊತೆ ನಿಂತು ಆಡಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಟೆಸ್ಟ್‌ನಲ್ಲೇ ಅಷ್ಟು ಮಾಡಬಹುದಾದರೆ, ನನ್ನದು ಬರೀ ಒಂದು ಫೋನ್ ಕರೆಯ ಕೆಲಸ.

ಮುಂದಿನ ವರ್ಷ ಆ ಎದುರಾಳಿ ತಂಡದವರು ನಮ್ಮನ್ನು ಕರೆಯಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಕೊನೆಗೆ ನಾನೇ ಅವರ ಕ್ಯಾಪ್ಟನ್‌ಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಸ್ಕೋರರ್ ಅವತ್ತೇ ಹೇಳಿದ್ದ. ನೀವಾಗೇ ಹೇಳ್ತೀರಿ ಅಂತ ಕಾಯ್ತಿದ್ವಿ" ಅಂದರು. ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ಆ ಹುಡುಗನ ಹತ್ತಿರ ಮಾತಾಡಬೇಕು ಅಂದೆ. ಅವನು ಓದಲು ಬೇರೆ ಊರಿಗೆ ಹೋಗಿದ್ದಾನಂತೆ.

ಹಾಗಾಗಿ ನಿಲ್ಲಲೋ ಬೇಡವೋ ಅನ್ನುವ ಯೋಚನೆ ಬಿಡಿ. ಓವರ್ ಮಧ್ಯೆ ಅಂಪೈರ್ ಬದಲಾಗಬಾರದು ಅಂತ ಟಾಸ್‌ಗೆ ಮೊದಲೇ ಹೇಳಿಸಿ. ಮುಂದೆ ಬ್ಯಾಟಿಂಗ್‌ಗೆ ಹೋಗಬೇಕಾದವನು ಅಂಪೈರ್ ಆಗಿ ನಿಲ್ಲುವುದೇ ಬೇಡ. ಇದು ನನ್ನ ಖಡಾಖಂಡಿತ ಮಾತು, ಜನ ಕಡಿಮೆ ಇದ್ದರೆ ಅವರ ತಂಡದವರನ್ನೇ ಕೇಳಿ, ಸಂತೋಷದಿಂದ ನಿಲ್ಲುತ್ತಾರೆ. ಎರಡು ಎಸೆತ ಬಾಕಿ ಇರುವಾಗ ಸ್ಕ್ವೇರ್ ಲೆಗ್ ಅಂಪೈರ್‌ಗೆ ಎರಡು ಬೆರಳು ತೋರಿಸಿ, ಅವರೂ ಹಾಗೇ ತೋರಿಸಬೇಕು. ತೋರಿಸದಿದ್ದರೆ ಆಟ ನಿಲ್ಲಿಸಿ ಸ್ಕೋರರ್‌ಗಳನ್ನು ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎಲ್‌ಬಿಡಬ್ಲ್ಯು ಬಗ್ಗೆ ಇಷ್ಟು ಸಾಕು. ಚೆಂಡು ಲೆಗ್ ಸ್ಟಂಪ್‌ನ (ಬ್ಯಾಟ್ಸ್‌ಮನ್ ನಿಂತ ಬದಿಯ ಸ್ಟಂಪ್) ಆಚೆ ನೆಲಕ್ಕೆ ಬಿದ್ದು ಪುಟಿದಿದ್ದರೆ ನಾಟೌಟ್. ಬ್ಯಾಟ್ಸ್‌ಮನ್ ಹೊಡೆಯಲು ನೋಡಿದ್ದು, ಆಫ್ ಸ್ಟಂಪ್‌ನ (ಇನ್ನೊಂದು ಬದಿಯ ಸ್ಟಂಪ್) ಆಚೆ ಕಾಲಿಗೆ ತಗುಲಿದ್ದರೂ ನಾಟೌಟ್. ಬ್ಯಾಟಿಗೆ ಮೊದಲು ತಗುಲಿದ್ದರೂ ನಾಟೌಟ್. ಇವು ಯಾವುದೂ ಇಲ್ಲದೆ ಚೆಂಡು ಸ್ಟಂಪ್‌ಗೆ ಬಡಿಯುತ್ತಿತ್ತು ಅಂತ ಪೂರ್ತಿ ಖಾತ್ರಿ ಆದರೆ, ನಿಮ್ಮ ಕ್ಯಾಪ್ಟನ್ ಆದರೂ ಸರಿ, ಬೆರಳು ಎತ್ತಿ.